ಮೊದಲು ಆಸ್ಪತ್ರೆಗೆ ಹೋಗಿ, ಎಫ್‌ಐಆರ್‌ಗೆ ಕಾಯಬೇಡಿ

ನನ್ನ ಮೇಲೆ ಅತ್ಯಾಚಾರ ಮಾಡಿದವನು ನನ್ನ ಅಕ್ಕನ ಗಂಡ. ಡಿಗ್ರಿ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಅವರ ಮನೆಯಲ್ಲೇ ಇದ್ದೆ. ಅಕ್ಕನಿಗೆ ನೈಟ್ ಶಿಫ್ಟ್ ಬಿದ್ದ ವಾರಗಳಲ್ಲಿ ಇದು ನಡೆಯುತ್ತಿತ್ತು. ತಿಂಗಳುಗಟ್ಟಲೆ ನಡೆಯಿತು.

ಮೊದಲ ಸಲ ಆದ ಮರುದಿನ ಅವನು ಕಾಲು ಹಿಡಿದು ಅತ್ತ. ಮಕ್ಕಳ ಮೇಲೆ ಆಣೆ ಇಟ್ಟ. ಎರಡನೇ ಸಲ ಆದಮೇಲೆ ಮಾತೇ ಬೇರೆ. "ಆಗಲೇ ಯಾಕೆ ಹೇಳಲಿಲ್ಲ? ಈಗ ಹೇಳಿದರೆ ನೀನೂ ಒಪ್ಪಿದ್ದೆ ಅಂತಾರೆ. ನಿಮ್ಮಕ್ಕನ ಸಂಸಾರ ಹಾಳಾಗುತ್ತೆ ನೋಡು." ಈ ಮಾತನ್ನು ದಯವಿಟ್ಟು ಗುರುತಿಟ್ಟುಕೊಳ್ಳಿ. ಇಂಥವರು ಹೆದರಿಸುವುದೇ ಹೀಗೆ. ಕಾನೂನು ಇದನ್ನು ಒಪ್ಪುವುದಿಲ್ಲ. ಎದುರಿಸಿ ಹೋರಾಡಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತು ಅನ್ನುವಂತಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 64ರಲ್ಲಿ, ಒಬ್ಬ ಹೆಣ್ಣಿನ ಮೇಲೆ ಪದೇ ಪದೇ ಅತ್ಯಾಚಾರ ಮಾಡಿದವನಿಗೆ ಕಡಿಮೆ ಅಂದರೂ 10 ವರ್ಷ ಜೈಲು, ಜೀವಾವಧಿಯೂ ಆಗಬಹುದು. ಮಾಡಿದವನು ಸಂಬಂಧಿಕನಾದರೂ ಅದೇ ಶಿಕ್ಷೆ.

ಕೆಲಸ ಮುಗಿದರೂ ನಾನು ಮನೆಗೆ ಹೋಗದೆ ಆಫೀಸಿನಲ್ಲೇ ಕೂರುತ್ತಿದ್ದುದನ್ನು ಗಮನಿಸಿದವಳು ಒಬ್ಬ ಗೆಳತಿ. ಕೇಳಿದಳು, ಹೇಳಿದೆ. ಅವಳು "ಯಾಕೆ ಇಷ್ಟು ದಿನ" ಅನ್ನಲಿಲ್ಲ. ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಮೊದಲು ಹೋದ ಖಾಸಗಿ ಆಸ್ಪತ್ರೆಯವರು "ಇದು ಪೊಲೀಸ್ ಕೇಸು, ಎಫ್‌ಐಆರ್ ತನ್ನಿ" ಅಂತ ವಾಪಸ್ ಕಳಿಸಿದರು. ಅದು ತಪ್ಪು. ಸರ್ಕಾರಿಯಾಗಲಿ, ಖಾಸಗಿಯಾಗಲಿ, ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು. ಕೊಡದಿದ್ದರೆ ಅದೇ ಅಪರಾಧ. ಪೊಲೀಸರಿಗೆ ತಿಳಿಸುವುದು ಆಸ್ಪತ್ರೆಯವರ ಕೆಲಸ, ನೀವು ಮೊದಲು ಸ್ಟೇಷನ್ನಿಗೆ ಅಲೆಯಬೇಕಿಲ್ಲ. ಸಾಧ್ಯವಾದಷ್ಟು ಬೇಗ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. ಗರ್ಭ ತಡೆಯುವ ಮಾತ್ರೆಯೂ ಬೇಗ ತಗೊಂಡಷ್ಟು ಒಳ್ಳೆಯದು. ಆ ದಿನದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿ ಇಡಿ, ಪ್ಲಾಸ್ಟಿಕ್ ಬೇಡ. "ಎರಡು ಬೆರಳಿನ ಪರೀಕ್ಷೆ" (ಯೋನಿಯೊಳಗೆ ಬೆರಳಿಟ್ಟು ನೋಡುವುದು) ಅಂತ ಯಾರಾದರೂ ಅಂದರೆ ಖಂಡಿತ ಬೇಡ ಅನ್ನಿ. ಅದನ್ನು ಮಾಡಲೇಬಾರದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೆ ಹೇಳಿದೆ. ಸ್ನಾನ ಮಾಡಿದ್ದರೂ, ದಿನಗಳು ಕಳೆದಿದ್ದರೂ ಹೋಗಿ. ನಾನು ಹಾಗೇ ಹೋದವಳು.

ಸ್ಟೇಷನ್ನಿನಲ್ಲಿ "ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂದರೆ ಝೀರೋ ಎಫ್‌ಐಆರ್ ಕೇಳಿ. ಯಾವ ಸ್ಟೇಷನ್ನಿನಲ್ಲಾದರೂ ಬರೆದುಕೊಳ್ಳಬೇಕು, ನಿಮ್ಮ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ತೆಗೆದುಕೊಳ್ಳಬೇಕು. ನಿಮ್ಮ ಹೆಸರನ್ನು ಪೇಪರ್, ಟಿವಿಯವರು ಹೊರಗೆ ಹಾಕುವಂತಿಲ್ಲ. ಅಮ್ಮ ಎಲ್ಲಕ್ಕಿಂತ ಜಾಸ್ತಿ ಹೆದರಿದ್ದು ಇದಕ್ಕೇ.

ಈಗಲೇ ಅಪಾಯ ಇದ್ದರೆ 112. ಮಹಿಳಾ ಸಹಾಯವಾಣಿ 181, ಅಲ್ಲಿಂದ ಸಖಿ ಕೇಂದ್ರದ ದಾರಿ ಸಿಗುತ್ತದೆ. ತಂಗುವ ಜಾಗ, ಕೌನ್ಸೆಲಿಂಗ್ ಎರಡೂ ಅಲ್ಲಿವೆ. ವಕೀಲರಿಗೆ ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ವಕೀಲರನ್ನು ಕೊಡುತ್ತಾರೆ.