ನಮ್ಮ ವಾರ್ಡಿನ ಮೆಂಬರ್ ಸೇವೆ: ಐದಕ್ಕೆ ಮೂರೂವರೆ ಸ್ಟಾರ್

ದಾವಣಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಕಳೆದ ಸಲ ನಮ್ಮ ವಾರ್ಡಿನಿಂದ ಗೆದ್ದ ಮೆಂಬರ್ ಮೇಡಂ ನನ್ನ ಗಿರಾಕಿ. ಮಹಿಳಾ ಮೀಸಲು ವಾರ್ಡು. ಇಂಥ ಕಡೆ ಗಂಡನೇ ಮೆಂಬರ್ ಥರ ಓಡಾಡುವುದು ಹೊಸದೇನಲ್ಲ ಬಿಡಿ. ಆದರೆ ಅಂಗಡಿಗೆ ಬರುತ್ತಿದ್ದದ್ದು ಇವರೇ.

ಅಲ್ಲಿವರೆಗೆ ಪಾಲಿಕೆ ಅಂದರೆ ಮೇಯರ್, ಕಮಿಷನರ್ ಅಷ್ಟೇ ಅಂದುಕೊಂಡಿದ್ದೆ. 45 ವಾರ್ಡಿನ ಮೆಂಬರುಗಳು ಸೇರುವ ಸಾಮಾನ್ಯ ಸಭೆಯ ಕೆಳಗೆ 4 ಸ್ಥಾಯಿ ಸಮಿತಿ ಇರುತ್ತವೆ. ತೆರಿಗೆ-ಹಣಕಾಸಿಗೆ ಒಂದು, ಆರೋಗ್ಯಕ್ಕೆ ಒಂದು, ಲೆಕ್ಕಪತ್ರಕ್ಕೆ ಒಂದು, ಪಟ್ಟಣ ಯೋಜನೆಗೆ ಒಂದು. ಒಂದೊಂದರಲ್ಲೂ 7 ಜನ, ಅವಧಿ 1 ವರ್ಷ. ಮೇಡಂ ಪಟ್ಟಣ ಯೋಜನೆಯಲ್ಲಿದ್ದರು.

ಮೀಟಿಂಗ್‌ಗೆ ಎರಡು ದಿನ ಮೊದಲು ಅಜೆಂಡಾ ಹಿಡಿದುಕೊಂಡು ಬರುತ್ತಿದ್ದರು. ನಮ್ಮ ಓಣಿಗೆ ಸಂಬಂಧಪಟ್ಟ ಹಾಳೆ ಮಾತ್ರ ನಾಲ್ಕು ಕಾಪಿ. ಒಂದು ಕಿರಾಣಿ ಅಂಗಡಿಗೆ, ಒಂದು ಹಾಲಿನ ಬೂತ್‌ಗೆ, ಒಂದು ದೇವಸ್ಥಾನದ ಕಟ್ಟೆಗೆ, ಒಂದು ನನ್ನ ಗೋಡೆಗೆ. ಅಸಲಿ ಹಾಳೆಯಲ್ಲಿ ಪೆನ್ಸಿಲ್ ಗೆರೆ, ಪಕ್ಕದಲ್ಲಿ "ಅಳತೆ ಕೇಳಬೇಕು", "ಇದು ಹೋದ ವರ್ಷವೂ ಬಂದಿತ್ತು" ಅಂತ ಬರಹ. ಓದಿಕೊಂಡು ಹೋಗುವ ಮೆಂಬರ್! ಅದಕ್ಕೇ ಎರಡೂವರೆ ಸ್ಟಾರ್.

ಇನ್ನೊಂದು ಸ್ಟಾರ್ ಚರಂಡಿ ವಿಷಯಕ್ಕೆ. ನಮ್ಮ ಓಣಿಯ ಚರಂಡಿ ಮಳೆ ಬಂದರೆ ಅಂಗಡಿ ಮೆಟ್ಟಿಲು ಹತ್ತುತ್ತಿತ್ತು. ಅದು ಸಮಿತಿಗೆ ಬಂದ ದಿನ ನಾವೆಲ್ಲ ಮೇಡಂ ಜಗಳ ಆಡಿಯಾದರೂ ಮಾಡಿಸುತ್ತಾರೆ ಅಂತ ಕಾದಿದ್ದೆವು. ಅವರು ಆ ವಿಷಯ ಬಂದಾಗ ಎದ್ದು ಹೊರಗೆ ಬಂದುಬಿಟ್ಟಿದ್ದರು! ಸಂಜೆ ಮಂಡಕ್ಕಿ-ಮಿರ್ಚಿ ತಿನ್ನುತ್ತಾ ಎಲ್ಲರೂ ಬೈದಿದ್ದೇ ಬೈದಿದ್ದು. ನಾನೂ ಬೈದೆ.

ಮರುದಿನ ಅಂಗಡಿಗೆ ಬಂದಾಗ ಕೇಳಿದೆ. "ಅಣ್ಣಾ, ಆ ಚರಂಡಿ ಪಕ್ಕದಲ್ಲೇ ನನ್ನ ಮೈದುನನ ಸೈಟ್ ಐತಿ. ನಾನು ಕೂತು ಕೈ ಎತ್ತಿದ್ರೆ ನಾಳೆ ಯಾರಾದ್ರೂ ತಕರಾರು ತೆಗೀತಾರೆ, ಕೆಲಸನೇ ನಿಲ್ತೈತಿ" ಅಂದರು. ಆಮೇಲೆ ನಡಾವಳಿ ಜೆರಾಕ್ಸ್‌ಗೆ ಬಂತು. ಅವರು ಕಾರಣ ಹೇಳಿ ಹೊರಗೆ ಹೋದದ್ದೂ, ಉಳಿದವರು ಒಪ್ಪಿದ್ದೂ ಅದರಲ್ಲಿತ್ತು. ಕಾಪಿ ತೆಗೆಯುತ್ತಾ ಸ್ವಲ್ಪ ನಾಚಿಕೆಯಾಯಿತು.

ಇನ್ನು ಬೇಜಾರಿನ ಮಾತು. ವರ್ಷ ಮುಗಿದು ಸಮಿತಿಯಿಂದ ಹೊರಗೆ ಬಂದ ಮೇಲೆ ಮೇಡಂ ಉತ್ಸಾಹ ಇಳಿಯಿತು. ಅಜೆಂಡಾ ಅಂಟಿಸುವುದು ನಿಂತಿತು. ಸಾಮಾನ್ಯ ಸಭೆಯಲ್ಲಿ ಕೂರುವ ಹಕ್ಕು ಇದ್ದೇ ಇತ್ತಲ್ವಾ, ಅಲ್ಲಿ ಕೇಳಬಹುದಿತ್ತು. ಚರಂಡಿ ಅರ್ಧ ಆಗಿ ನಿಂತಾಗ ಫೋನ್ ಮಾಡಿದರೆ ಗಂಡ ಎತ್ತಿ, "ಈಗ ಅವರು ಕಮಿಟೀಲಿ ಇಲ್ಲ" ಅಂದರು. ಸುಮ್ನೆ ಇಟ್ಟುಬಿಟ್ಟೆ. ಉಳಿದರ್ಧ ಮುಗಿಯುವಷ್ಟರಲ್ಲಿ ಇನ್ನೊಂದು ಮಳೆಗಾಲ ಬಂತು. ಒಂದು ಸ್ಟಾರ್ ಅಲ್ಲಿ ಹೋಯಿತು.

ಇನ್ನರ್ಧ ಸ್ಟಾರ್ ಕಟ್ ಮಾಡಿದ್ದು ನನ್ನ ಸ್ವಂತ ಲೆಕ್ಕ. ಜೆರಾಕ್ಸ್ ಬಾಕಿ 64 ರೂಪಾಯಿ ಇನ್ನೂ ಪುಸ್ತಕದಲ್ಲೇ ಇದೆ.