ಮಡಿಕೇರಿಯಲ್ಲಿ ಕರಿದ ಎಣ್ಣೆ ಮತ್ತು ಜಿಡ್ಡು ಸಂಗ್ರಹಿಸುವ ಸೇವೆ: ಎಣ್ಣೆಗೆ ಸೈ, ತೊಟ್ಟಿಗೆ ಅಲ್ಲ

ಮಡಿಕೇರಿಯ ನಮ್ಮ ಹೋಟೆಲಿನ ಕರಿದ ಎಣ್ಣೆಯನ್ನೂ ಪಾತ್ರೆ ತೊಳೆದ ನೀರಿನ ಜಿಡ್ಡನ್ನು ತಡೆದಿಡುವ ತೊಟ್ಟಿಯ ಕೆಸರನ್ನೂ ಒಯ್ಯುವ ಹೊಣೆಯನ್ನು ಕಳೆದ ಮಳೆಗಾಲದಿಂದ ಒಂದು ಸಂಗ್ರಹ ಸೇವೆಗೆ ವಹಿಸಿದ್ದೇವೆ. ಎಣ್ಣೆಯ ವಿಷಯದಲ್ಲಿ ಅವರ ಕೆಲಸ ಅಚ್ಚುಕಟ್ಟು: ಬಿಗಿ ಮುಚ್ಚಳದ ಕ್ಯಾನುಗಳನ್ನು ಅವರೇ ಕೊಟ್ಟು, ನಮ್ಮೆದುರೇ ತೂಗಿ, ದಿನಾಂಕ ಮತ್ತು ಪ್ರಮಾಣ ನಮೂದಿಸಿದ ರಸೀದಿ ನೀಡಿ, ಬಯೋಡೀಸೆಲ್ ತಯಾರಿಕೆಗೆ ಕಳುಹಿಸುತ್ತಾರೆ. ಒಟ್ಟು ಧ್ರುವೀಯ ಸಂಯುಕ್ತಗಳು (ಎಣ್ಣೆಯನ್ನು ಪದೇ ಪದೇ ಕಾಯಿಸಿದಾಗ ಹೆಚ್ಚುವ, ಅದು ಕೆಟ್ಟಿರುವುದನ್ನು ತೋರುವ ಅಂಶಗಳು) ಶೇ 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಕೂಡದೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈನಿಂದಲೇ ಜಾರಿಯಲ್ಲಿದ್ದು, ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವವರು ಲೆಕ್ಕವನ್ನೂ ಇಡಬೇಕಾಗಿರುವುದರಿಂದ, ತಪಾಸಣೆಯ ವೇಳೆ ಈ ರಸೀದಿಗಳು ಕೈಹಿಡಿಯುತ್ತವೆ. ನಮ್ಮ ಬಳಕೆ ಅಷ್ಟಿಲ್ಲ. ಆದರೂ ಲೆಕ್ಕ ಇಟ್ಟಿದ್ದೇವೆ.

ತೊಟ್ಟಿಯ ಮಾತು ಬೇರೆ. ಕೊಡಗಿನ ಹಂದಿ ಮಾಂಸದ ಅಡುಗೆಯಾದ ಪಂದಿ ಕರಿಯ ಕೊಬ್ಬು ಇಲ್ಲಿನ ಚಳಿಗೆ ಬೆಳಗಾಗುವಷ್ಟರಲ್ಲಿ ಬೆರಳು ದಪ್ಪದ ಬಿಳಿ ಹೆಪ್ಪಾಗಿ ನಿಲ್ಲುತ್ತದೆ. ಬಿಸಿನೀರು ಸುರಿದರೆ ಕರಗಿ, ಮುಂದಿನ ಕೊಳವೆಯಲ್ಲಿ ಮತ್ತೆ ಗಟ್ಟಿಯಾಗುತ್ತದೆ, ಅಷ್ಟೆ. ಕೆರೆದೇ ತೆಗೆಯಬೇಕಾದ ಈ ಕೆಲಸಕ್ಕೆ ಅವರ ಸಿಬ್ಬಂದಿ ಆಗಾಗ ತಡಮಾಡುತ್ತಾರೆ, ಜಡಿಮಳೆಯಲ್ಲಂತೂ ವಾಹನವೇ ಬಾರದು. ತೊಟ್ಟಿ ಉಕ್ಕಿದರೆ ಜಿಡ್ಡು ಚರಂಡಿಯಿಂದ ತೋಡಿಗೆ, ತೋಡಿನಿಂದ ಹೊಳೆಗೆ ಸೇರುತ್ತದೆ. ಆಗ 1974ರ ಜಲಮಾಲಿನ್ಯ ಕಾಯ್ದೆಯಡಿ ಉತ್ತರ ಹೇಳಬೇಕಾದವರು ನಾವು. ಮೇಲಾಗಿ, ಒಯ್ದ ಕೆಸರು ಎಲ್ಲಿಗೆ ಹೋಯಿತೆಂಬುದಕ್ಕೆ ರಸೀದಿಯನ್ನೇ ಕೊಡುವುದಿಲ್ಲ. ಹೀಗಾಗಿ ಎಣ್ಣೆಗೆ ಮಾತ್ರ ಒಪ್ಪಂದವನ್ನು ಮುಂದುವರಿಸಿದ್ದೇವೆ.