ಕರಿ ಕೋಟಿಗೆ ಹೊಂದುವ ಜಿಮ್ ಬ್ಯಾಗ್ ಕೊಂಡು ಕೆಟ್ಟೆ

ಕಳೆದ ಜುಲೈನ ಒಂದು ಸೋಮವಾರ. ಬೆಳಗಾವಿಯ ಚನ್ನಮ್ಮ ವೃತ್ತದ ಬಳಿಯ ನ್ಯಾಯಾಲಯದ ಆವರಣ. ಹನ್ನೊಂದು ಗಂಟೆಗೆ ಇನ್ನು ಐದೇ ನಿಮಿಷ ಇರುವಾಗ ನಮ್ಮ ಹಿರಿಯ ವಕೀಲರು ಕನ್ನಡಕ ಏರಿಸಿ ನನ್ನ ಕೊರಳಿನ ಬ್ಯಾಂಡನ್ನು, ಅಂದರೆ ವಕೀಲರು ಕಟ್ಟುವ ಬಿಳಿ ಪಟ್ಟಿಯನ್ನು ನೋಡಿದರು. “ಏನಪ್ಪಾ, ಇರುವೆ ಮುತ್ತಿವೆಯಲ್ಲ?” ಎಂದರು. ಇರುವೆಯಲ್ಲ. ಸಾಸಿವೆಯಷ್ಟು ಸಣ್ಣ ಕರಿಯ ಹೊಪ್ಪಳೆಗಳು. ಬ್ಯಾಂಡಿಗೂ ಬಿಳಿ ಅಂಗಿಯ ಕಾಲರಿಗೂ ಅಂಟಿಕೊಂಡಿದ್ದವು. ಕೊಡವಿದರೆ ಉದುರಲಿಲ್ಲ, ಉಜ್ಜಿದರೆ ಮಸಿಯ ಗೆರೆ ಎಳೆದವು. ಅಂದು ಸಲ್ಲಿಸಬೇಕಿದ್ದ ಅಫಿಡವಿಟ್ಟನ್ನು ಚೀಲದಿಂದ ತೆಗೆದು ಕೊಟ್ಟಾಗ ಗುಮಾಸ್ತರು ಅದನ್ನು ಎರಡೇ ಬೆರಳಿನಲ್ಲಿ ಹಿಡಿದು ಮೇಜಿನ ಆಚೆ ತುದಿಗೆ ಇಟ್ಟರು. ಕಾಗದಕ್ಕೆ ನನ್ನ ಕಾಲುಚೀಲದ ವಾಸನೆ ಹತ್ತಿತ್ತು.

ಇಷ್ಟಕ್ಕೆಲ್ಲ ಕಾರಣ 3,400 ರೂಪಾಯಿ ಕೊಟ್ಟು ತಂದ ಒಂದು ಜಿಮ್ ಬ್ಯಾಗ್. ಬೆಳಿಗ್ಗೆ ಜಿಮ್ಮಿಗೆ ಹೋಗಿ, ಅಲ್ಲಿಯೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ನೇರವಾಗಿ ಕೆಲಸಕ್ಕೆ ಹೋಗುವವರು ಈ ಊರಿನಲ್ಲಿ ನನ್ನ ಹಾಗೆ ಬಹಳ ಮಂದಿ ಇದ್ದಾರೆ. ಬ್ಯಾಂಕಿನವರು, ಕಾಲೇಜಿನವರು, ಉದ್ಯಮಬಾಗದ ಕಾರ್ಖಾನೆಗಳ ಕಚೇರಿಯವರು. ಅವರಲ್ಲಿ ಒಬ್ಬರಾದರೂ ಈ ಚೀಲದಿಂದ ತಪ್ಪಿಸಿಕೊಳ್ಳಲಿ ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ತಪ್ಪು ನನ್ನ ಒಣಜಂಬದಿಂದ ಶುರುವಾಯಿತು. ಮೊದಲು ನನ್ನ ಬಳಿ ನೀಲಿ ಬಣ್ಣದ, ಮೈತುಂಬ ದೊಡ್ಡ ಅಕ್ಷರಗಳಿದ್ದ ಹಳೆಯ ಬ್ಯಾಗ್ ಇತ್ತು. ಅದನ್ನು ಹೊತ್ತು ವಕೀಲರ ಸಂಘದ ಕೋಣೆಗೆ ಹೋದಾಗ ಒಬ್ಬರು, “ಯಾವ ಊರಿಗೆ ಹೊರಟಿರಿ, ವಕೀಲರೇ?” ಎಂದು ಕೇಳಿದರು. ಎಲ್ಲರೂ ನಕ್ಕರು. ಅದು ಮನಸ್ಸಿಗೆ ಚುಚ್ಚಿತು. ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲಿ ಕರಿ ಕೋಟು, ಬಿಳಿ ಅಂಗಿ, ಬಿಳಿ ಬ್ಯಾಂಡುಗಳ ಮಾತಿದೆ. ಬೇಸಿಗೆಯಲ್ಲಿ ಕೆಳ ನ್ಯಾಯಾಲಯಗಳಲ್ಲಿ ಕೋಟಿಗೆ ವಿನಾಯಿತಿಯೂ ಇದೆ. ಚೀಲದ ಬಗ್ಗೆ ಅಲ್ಲಿ ಏನೂ ಇಲ್ಲ, ಆ ನಿಯಮವನ್ನು ನಾನೇ ಸೇರಿಸಿಕೊಂಡೆ.

ಮೇ ತಿಂಗಳ ಕೊನೆಯಲ್ಲಿ ಖಡೇಬಜಾರಿನ ಒಂದು ಅಂಗಡಿಗೆ ಹೋದೆ. ಹೆಸರು ಬರೆಯುವುದಿಲ್ಲ. ಕರಿಯ ಮೈ, ಚಿನ್ನದ ಬಣ್ಣದ ಕೊಕ್ಕೆ, ಒಂದು ತುದಿಯಲ್ಲಿ ಬೂಟಿಗೆಂದು ಬೇರೆ ಜಿಪ್. “ಪ್ಯೂರ್ ಲೆದರ್, ಸಾಹೇಬರೇ. ಇದನ್ನು ಹಿಡಿದು ನಡೆದರೆ ಜಿಮ್ ಬ್ಯಾಗ್ ಎಂದು ಯಾರೂ ಹೇಳುವುದಿಲ್ಲ” ಎಂದ ಅಂಗಡಿಯಾತ. ನನ್ನನ್ನು ಕೆಡವಿದ್ದು ಆ ಎರಡನೆಯ ಮಾತು. ಪ್ರತಿ ಸಾಲನ್ನೂ ಓದಿ ಸಹಿ ಮಾಡಿ ಎಂದು ಕಕ್ಷಿದಾರರಿಗೆ ದಿನವೂ ಹೇಳುವ ನಾನು ಬಿಲ್ಲನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಮನೆಯಲ್ಲಿ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ಇದನ್ನು ಒಗೆಯುವುದು ಹೇಗೆ?” ಅವರು ಹರೆಯದಲ್ಲಿ ಶಹಾಪುರದ ತಾಲೀಮಿಗೆ, ಅಂದರೆ ಗರಡಿಮನೆಗೆ ಹೋಗುತ್ತಿದ್ದವರು. ಲಂಗೋಟಿ, ಪಂಚೆ ಎಲ್ಲ ಒಂದು ಖಾದಿ ಚೀಲದಲ್ಲಿ. ಬಂದೊಡನೆ ಲಂಗೋಟಿಯ ಜೊತೆ ಚೀಲವನ್ನೂ ಒಗೆದು ತಂತಿಯ ಮೇಲೆ ಹಾಕುತ್ತಿದ್ದರಂತೆ. ನಾನು ನಕ್ಕೆ. ಲೆದರ್ ಬ್ಯಾಗನ್ನು ಯಾರಾದರೂ ಒಗೆಯುತ್ತಾರೆಯೇ ಎಂದೆ.

ಜೂನ್ ಹೇಗೋ ಕಳೆಯಿತು. ಆಮೇಲೆ ನಮ್ಮೂರಿನ ಮಳೆ ಹಿಡಿದುಕೊಂಡಿತು. ಬೆಳಗಾವಿಯ ಮಳೆಗಾಲ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಧೋ ಎಂದು ಸುರಿದು ನಿಲ್ಲುವುದಲ್ಲ, ವಾರಗಟ್ಟಲೆ ಜಿಟಿಜಿಟಿ. ಗೂಟಕ್ಕೆ ತೂಗುಹಾಕಿದ ಬೆಲ್ಟಿನ ಮೇಲೂ ಬಿಳಿಯ ಬೂಷ್ಟು ಬರುತ್ತದೆ. ಟಿಳಕವಾಡಿಯ ಜಿಮ್ಮಿನಿಂದ ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಬರುವಾಗ ಬ್ಯಾಗ್ ದಿನವೂ ಹೊರಗಿನಿಂದ ನೆನೆಯುತ್ತಿತ್ತು, ಟವೆಲಿನಿಂದಾಗಿ ಒಳಗಿನಿಂದಲೂ ನೆನೆಯುತ್ತಿತ್ತು. ಜುಲೈ ನಡುವಿಗೆ ಹಿಡಿಕೆಯ ಬುಡ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತು. ಒಂದು ವಾರದಲ್ಲಿ ಬಾಯಿಯ ಅಂಚೆಲ್ಲ ಸಿಪ್ಪೆ ಎದ್ದಿತು. ಬಿಳಿ ಅಂಗಿ ಹೊರಗೆ ತೆಗೆಯುವಾಗಲೆಲ್ಲ ಆ ಅಂಚನ್ನು ಉಜ್ಜಿಕೊಂಡೇ ಬರುತ್ತಿತ್ತು. ಸೋಮವಾರದ ಇರುವೆಗಳು ಹುಟ್ಟಿದ್ದು ಹೀಗೆ.

ಕ್ಯಾಂಪಿನಲ್ಲಿ ಚಪ್ಪಲಿ ದುರಸ್ತಿ ಮಾಡುವ ಕಾಕಾ ಒಬ್ಬರಿದ್ದಾರೆ, ಅಥಣಿ ಕಡೆಯವರು. ಕೊಲ್ಹಾಪುರಿ ಎಂದು ಮಾರುವ ಚಪ್ಪಲಿಯನ್ನು ನಮ್ಮ ಜಿಲ್ಲೆಯಲ್ಲಿಯೂ ಹೊಲಿಯುತ್ತಾರೆ. ಅದರ ಭೌಗೋಳಿಕ ಸೂಚಕದಲ್ಲಿ, ಅಂದರೆ ಮಾಲು ಇಂಥ ಸೀಮೆಯದು ಎಂದು ಸರ್ಕಾರ ಕೊಡುವ ಗುರುತಿನಲ್ಲಿ, ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ನಾಲ್ಕೂ ಸೇರಿವೆ, ಹೆಸರು ಮಾತ್ರ ಪಕ್ಕದ ಊರಿನದು. ಅಂಥ ಚರ್ಮ ಪಳಗಿದ ಕೈಗೆ ನನ್ನ ಬ್ಯಾಗ್ ಕೊಟ್ಟೆ. ಕಾಕಾ ಒಳಗಿನ ಮಡಿಕೆಯಿಂದ ಉಗುರಿನಷ್ಟು ಚೂರು ಕತ್ತರಿಸಿ ಬೆಳಕಿಗೆ ಹಿಡಿದರು. “ನೋಡು ತಮ್ಮಾ, ಚರ್ಮವಾದರೆ ಕೊಯ್ದ ಅಂಚಿನಲ್ಲಿ ನಾರು ಕಾಣಬೇಕು. ಇಲ್ಲಿ ಕೆಳಗೆ ಬಟ್ಟೆ ಇದೆ, ಮೇಲೆ ಪ್ಲಾಸ್ಟಿಕ್ ಇದೆ. ಇದು ರೆಕ್ಸಿನ್.” ಅಂಟು ಹಚ್ಚಿ ಸರಿಮಾಡಲು ಆಗುವುದಿಲ್ಲವೇ ಎಂದು ಕೇಳಿದೆ. ಸಿಪ್ಪೆ ಎದ್ದ ರೆಕ್ಸಿನ್ನಿಗೆ ತಮ್ಮ ಬಳಿಯೂ ಮದ್ದಿಲ್ಲ ಎಂದು ಹೇಳಿ ಹಣ ಮುಟ್ಟಲಿಲ್ಲ.

ನಾವು ರೆಕ್ಸಿನ್ ಎಂದು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಪಿವಿಸಿ, ಇನ್ನೊಂದು ಪಿಯು, ಅಂದರೆ ಪಾಲಿಯುರೆಥೇನ್. ಪಿಯು ಮೆತ್ತಗಿರುತ್ತದೆ, ಚರ್ಮದ ಹಾಗೆಯೇ ಮಡಚುತ್ತದೆ, ಹಾಗಾಗಿ ಕಣ್ಣು ಮೋಸಹೋಗುತ್ತದೆ. ಅಗ್ಗದ ಪಿಯುವಿಗೆ ನೀರೇ ಶತ್ರು. ತೇವಾಂಶ ಅದರ ಅಣುಗಳ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಕಡಿಯುತ್ತದೆ. ಶಾಲೆಯ ರಸಾಯನಶಾಸ್ತ್ರದಲ್ಲಿ ಓದಿದ ಜಲವಿಚ್ಛೇದನೆ ಎಂದರೆ ಇದೇ. ಬಿಸಿ, ಬೆವರು ಸೇರಿದರೆ ಕೆಲಸ ಇನ್ನೂ ಬೇಗ. ಬಳಸದೆ ಬೀರುವಿನಲ್ಲಿ ಇಟ್ಟರೂ ಗಾಳಿಯ ತೇವ ಸಾಕು. ಆದ್ದರಿಂದ ಅಂಗಡಿಯಲ್ಲಿ ವರ್ಷಗಟ್ಟಲೆ ತೂಗಿದ ಮಾಲು ನೋಡಲು ಹೊಸದು, ಒಳಗೆ ಆಗಲೇ ಮುದುಕ.

ಹಾಗಾದರೆ ನಿಜವಾದ ಚರ್ಮದ್ದೇ ಕೊಂಡಿದ್ದರೆ? ಅದೂ ದಂಡವೇ. ದಿನವೂ ಒದ್ದೆ ಟವೆಲ್ ಹೊರುವ ಕೆಲಸಕ್ಕೆ ಚರ್ಮ ಸಲ್ಲದು. ಬೂಷ್ಟು ಹಿಡಿಯುತ್ತದೆ, ಒಣಗುವಾಗ ಬಿರುಸಾಗುತ್ತದೆ. ಇನ್ನು ‘ಜೆನ್ಯೂಯಿನ್ ಲೆದರ್’ ಎಂಬ ಮುದ್ರೆ ನೋಡಿ ನಂಬಬೇಡಿ. ಚರ್ಮವನ್ನು ಸೀಳಿದಾಗ ಸಿಗುವ ಕೆಳಪದರದ ಮೇಲೆ ಪ್ಲಾಸ್ಟಿಕ್ ಬಳಿದ ಮಾಲಿಗೂ ಅದೇ ಮುದ್ರೆ ಹಾಕುತ್ತಾರೆ.

ಬೂಟಿನ ಕೋಣೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಹೆಚ್ಚು ಜನ ಬೀಳುವುದು ಇಲ್ಲಿಯೇ. ಹೊರಗಿನಿಂದ ಬೇರೆ ಜಿಪ್ ಕಂಡರೆ ಒಳಗೆ ಬೇರೆ ಕೋಣೆ ಇದೆ ಎಂದು ನಂಬುತ್ತೇವೆ. ನನ್ನ ಬ್ಯಾಗಿನಲ್ಲಿ ಇದ್ದದ್ದು ಮುಖ್ಯ ಚೀಲದೊಳಗೆ ಜೋಲುವ ತೆಳು ಅಸ್ತರಿನ ಜೋಳಿಗೆ. ಬೂಟು ಹಾಕಿದೊಡನೆ ಅದು ಉಬ್ಬಿ, ಮಡಚಿಟ್ಟ ಅಂಗಿಯ ಮೇಲೆ ಕುಳಿತುಕೊಳ್ಳುತ್ತಿತ್ತು. ಗಾಳಿಗೆ ಒಂದು ತೂತೂ ಇರಲಿಲ್ಲ. ಆಗತಾನೇ ಬಂದ ಬೆವರಿಗೆ ಹೆಚ್ಚು ವಾಸನೆಯಿಲ್ಲ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಮಾಡುವ ಕೆಲಸ ಆ ಕಮಟು. ಬೆಳಿಗ್ಗೆ ಏಳೂವರೆಗೆ ಜಿಪ್ ಎಳೆದರೆ ನಾನು ಮನೆ ಸೇರುವುದು ಸಂಜೆ ಏಳಕ್ಕೆ. ಆ ಜೀವಿಗಳಿಗೆ ಸುಮಾರು ಹನ್ನೆರಡು ಗಂಟೆಗಳ ಹಬ್ಬ. ಒದ್ದೆ ಬಟ್ಟೆಗೆಂದು ಇದ್ದ ಪ್ಲಾಸ್ಟಿಕ್ ಕಿಸೆಯೂ ಅಷ್ಟರಲ್ಲೇ ಇತ್ತು. ಸೂಜಿ ಹಾಕಿ ಹೊಲಿದ ಪ್ಲಾಸ್ಟಿಕ್ಕಿನಲ್ಲಿ ಪ್ರತಿ ಹೊಲಿಗೆಯೂ ಒಂದು ತೂತು. ಅಫಿಡವಿಟ್ಟಿನ ಅಂಚು ನೆನೆದದ್ದು ಆ ತೂತುಗಳಿಂದ.

ಕೊಕ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಗಟೆ ವೃತ್ತದಲ್ಲಿ ಮುರಿಯಿತು. ಮೇಲೆ ಚಿನ್ನದ ಬಣ್ಣ, ಒಳಗೆ ಬೂದಿ ಬಣ್ಣದ ಎರಕ.

ನೀವು ವಕೀಲರಲ್ಲವೇ, ಸುಮ್ಮನೆ ಬಿಟ್ಟಿರಾ ಎಂದು ಕೇಳುತ್ತೀರಿ. ಬಿಡಲಿಲ್ಲ. ಅಂಗಡಿಗೆ ಹೋದೆ. ಮಾಲೀಕರು ಮೊದಲು, “ಲೆದರ್ ಬ್ಯಾಗನ್ನು ಮಳೆಯಲ್ಲಿ ಯಾರು ಒಯ್ಯುತ್ತಾರೆ?” ಎಂದರು. ಇದು ಲೆದರ್ ಅಲ್ಲ ಎಂದು ಕಾಕಾ ಕತ್ತರಿಸಿದ ಚೂರು ತೋರಿಸಿದಾಗ, “ಲೆದರ್ ಎಂದು ನಾನು ಎಲ್ಲಿ ಬರೆದುಕೊಟ್ಟಿದ್ದೇನೆ?” ಎಂದರು. ಬಿಲ್ಲನ್ನು ನಾನು ಮೊದಲ ಸಲ ಓದಿದ್ದು ಆಗ. ‘ಬ್ಯಾಗ್ – 1’ ಎಂದಷ್ಟೇ ಇತ್ತು. ಕೆಳಗೆ, ಮಾರಿದ ಮಾಲನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ ಎಂಬ ಸಾಲು.

ಆ ಸಾಲಿಗೆ ಹೆದರಬೇಕಾಗಿಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ ಹಿಂದಕ್ಕೆ ಪಡೆದು ಹಣ ಕೊಡಲು ಒಪ್ಪದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಮಾಲಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳಿ ಮಾರುವುದೂ ಅದರಲ್ಲಿಯೇ ಬರುತ್ತದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ನನ್ನ ತೊಡಕು ಬೇರೆ. ಸಿಪ್ಪೆ ಎದ್ದದ್ದು ಏಳನೆಯ ವಾರದಲ್ಲಿ, ‘ಪ್ಯೂರ್ ಲೆದರ್’ ಎಂದದ್ದು ಬರೀ ಬಾಯಿಮಾತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ದೂರು ದಾಖಲಿಸಿದೆ. ಅಂಗಡಿಯವರು ಮೊದಲು ಅದೇ ಜಾತಿಯ ಇನ್ನೊಂದು ಬ್ಯಾಗ್ ಕೊಡಲು ಬಂದರು. ಬೇಡವೆಂದ ಮೇಲೆ 1,500 ರೂಪಾಯಿ ಕೊಟ್ಟರು, ತೆಗೆದುಕೊಂಡೆ. “ವಕೀಲನೇ ಕಕ್ಷಿದಾರನಾದರೆ ರಾಜಿಯೇ ಗತಿ” ಎಂದು ಹಿರಿಯರು ನಕ್ಕರು. ನೀವು ಮಾತ್ರ ಬಿಲ್ಲಿನಲ್ಲಿ ಯಾವ ವಸ್ತುವಿನಿಂದ ಮಾಡಿದ ಬ್ಯಾಗ್ ಎಂದು ಬರೆಸಿಕೊಳ್ಳಿ. ಬರೆಯಲು ಅವರು ತಡವರಿಸಿದರೆ ಅಲ್ಲಿಂದ ಎದ್ದುಬನ್ನಿ.

ಈಗ ಕಡುಬೂದಿ ಬಣ್ಣದ ನೈಲಾನ್ ಬ್ಯಾಗ್ ಒಯ್ಯುತ್ತೇನೆ. 28 ಲೀಟರಿನದು, ಮೈಮೇಲೆ ಅಕ್ಷರಗಳಿಲ್ಲ, ಕರಿ ಕೋಟಿನ ಪಕ್ಕದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಕೊಳ್ಳಲು ಹೋದಾಗ ನನ್ನ ಬೂಟುಗಳನ್ನೇ ಒಯ್ದು ಒಳಗಿಟ್ಟು ನೋಡಿದೆ. ಅಂಗಡಿಯ ಹುಡುಗ ವಿಚಿತ್ರವಾಗಿ ನೋಡಿದ, ನೋಡಲಿ. ಬೂಟಿನ ಕೋಣೆಗೆ ಗಟ್ಟಿ ಗೋಡೆ ಇದೆ, ಹೊರಮೈಯಲ್ಲಿ ಲೋಹದ ಬಳೆ ಹಾಕಿದ ಗಾಳಿತೂತುಗಳಿವೆ. ಒದ್ದೆ ಬಟ್ಟೆಯ ಕಿಸೆಯನ್ನು ಒಳಹೊರಗು ಮಾಡಿ ನೋಡಿದೆ, ಮೂಲೆಗಳನ್ನು ಹೊಲಿಯದೆ ಕಾಯಿಸಿ ಬೆಸೆದಿದ್ದಾರೆ. ಜಿಪ್ಪಿನ ಓಡುಗುಂಡಿಯ ಹಿಂದೆ 8 ಎಂಬ ಅಂಕಿ ಇದೆ. ಅದು ಹೆಚ್ಚುಕಡಿಮೆ ಹಲ್ಲುಸಾಲಿನ ಅಗಲ, ಮಿಲಿಮೀಟರಿನಲ್ಲಿ. ಹಳೆಯದರಲ್ಲಿ ಯಾವ ಅಂಕಿಯೂ ಇರಲಿಲ್ಲ. ಚೀಟಿಯಲ್ಲಿ ಕಾಣುವ ಡೆನಿಯರ್ ಎಂದರೆ 9,000 ಮೀಟರ್ ನೂಲಿನ ತೂಕ, ಗ್ರಾಮಿನಲ್ಲಿ. ಅಂಕಿ ಏರಿದಷ್ಟೂ ನೂಲು ದಪ್ಪ. ಖಾಲಿ ಬ್ಯಾಗನ್ನು ಎತ್ತಿ ನೋಡುವುದನ್ನೂ ಮರೆಯಬೇಡಿ. ಹಳೆಯದು ಖಾಲಿಯಿದ್ದಾಗಲೇ 1.7 ಕಿಲೋ ತೂಗುತ್ತಿತ್ತು.

ನೈಲಾನಿಗೂ ಒಂದು ಕೊಂಕು ಇದೆ. ಮಳೆ ತಡೆಯಲೆಂದು ಒಳಮೈಗೆ ಬಳಿಯುವ ಪದರ ಬಹಳ ಸಲ ಪಿಯುವಿನದೇ. ಒದ್ದೆಯಾಗಿ ಮುಚ್ಚಿಟ್ಟರೆ ಕೆಲವು ವರ್ಷಗಳಲ್ಲಿ ಅದೂ ಅಂಟಂಟಾಗಿ ಸಿಪ್ಪೆ ಏಳುತ್ತದೆ. ಅದಕ್ಕೆ ರಾತ್ರಿ ಎಲ್ಲ ಜಿಪ್ಪುಗಳನ್ನೂ ತೆರೆದು ತಲೆಕೆಳಗಾಗಿ ತೂಗುಹಾಕುತ್ತೇನೆ, ಭಾನುವಾರ ಒಗೆಯುತ್ತೇನೆ. ಒಗೆಯುವಾಗ ಅಪ್ಪ ಪೇಪರ್ ಓದುತ್ತಾ ಕುಳಿತಿರುತ್ತಾರೆ, ಏನೂ ಹೇಳುವುದಿಲ್ಲ. ಕೋಟು ಹಿರಿಯರ ಕಚೇರಿಯ ಗೂಟದಲ್ಲಿಯೇ ಇರುತ್ತದೆ. ಅಂಗಿಯನ್ನು ರಟ್ಟಿನ ತುಂಡಿಗೆ ಸುತ್ತಿ ಮಡಚುತ್ತೇನೆ, ಬ್ಯಾಂಡುಗಳಿಗೆ ಅವ್ವನ ಹಳೆಯ ಸ್ಟೀಲ್ ಡಬ್ಬಿ ಇದೆ. ಕಾಗದಪತ್ರಗಳಿಗೆ ಬೇರೆ ಚೀಲ.

ಮೊನ್ನೆ ಖಡೇಬಜಾರಿಗೆ ಹೋದಾಗ ಆ ಅಂಗಡಿಯ ಬಾಗಿಲಲ್ಲಿ ಅದೇ ಬ್ಯಾಗ್ ತೂಗುತ್ತಿತ್ತು. ಅದೇ ಚಿನ್ನದ ಬಣ್ಣದ ಕೊಕ್ಕೆ, ಅದೇ ತುದಿಯ ಜಿಪ್, ಈಗ ಕಂದು ಬಣ್ಣದಲ್ಲಿಯೂ ಬಂದಿದೆ. ಇದು ಯಾವ ಚರ್ಮ ಎಂದು ಹೊಸ ಹುಡುಗನನ್ನು ಕೇಳಿದೆ. “ವೀಗನ್ ಲೆದರ್, ಸರ್” ಎಂದ. ಪಿಯುವಿಗೆ ಈಗ ಅದು ಹೊಸ ಹೆಸರು. ಬೆಲೆ 3,900.